ಓದುಗರ ಪ್ರಶ್ನೆ: ಮರಿ ಮನೆಯೊಳಗೇ ಹೊಯ್ದರೆ

ನಾಯಿಮರಿ ಮನೆಯೊಳಗೆ ಹೊಲಸು ಮಾಡುವ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಸಾಲುಸಾಲಾಗಿ ಪತ್ರ ಬಂದಿವೆ. ಹಲವರು ಮರಿಯನ್ನು ಮೊಂಡು, ಹಟಮಾರಿ ಎಂದು ಬೈದು ಬರೆದಿದ್ದಾರೆ. ಇನ್ನು ಕೆಲವರು ಮರಿಯನ್ನು ಬೇರೆಯವರಿಗೆ ಕೊಟ್ಟುಬಿಡುವ ಯೋಚನೆಯಲ್ಲಿದ್ದಾರೆ. ಕೊಡುವ ಮುಂಚೆ ದಯವಿಟ್ಟು ಈ ಉತ್ತರಗಳನ್ನು ಓದಿ, ಮೂರು ವಾರ ಪ್ರಯತ್ನಿಸಿ. ನೂರರಲ್ಲಿ ತೊಂಬತ್ತು ಸಲ ತಪ್ಪಿರುವುದು ನಮ್ಮ ವೇಳಾಪಟ್ಟಿಯಲ್ಲಿ, ಇಲ್ಲವೇ ನೆಲದಲ್ಲಿ ಉಳಿದ ವಾಸನೆಯಲ್ಲಿ.

ನಮಸ್ಕಾರ್ರೀ. ಮುಧೋಳ ಜಾತಿ ಕುನ್ನಿ ತಂದು ಎರಡು ವಾರ ಆತು. ಈಗ ಎರಡೂವರೆ ತಿಂಗಳದ್ದೈತಿ. ಹೊರಗ ಅರ್ಧಾ ತಾಸು ಅಡ್ಡಾಡಿಸಿದ್ರೂ ಏನೂ ಮಾಡೂದಿಲ್ಲ. ಒಳಗ ಕಾಲಿಟ್ಟ ಕೂಡ್ಲೆ ಪಡಸಾಲ್ಯಾಗ ಹೊಯ್ತೈತಿ. ಬೇಕಂತಲೇ ಮಾಡ್ತೈತೇನ್ರಿ?
— ಓದುಗರು, ಲೋಕಾಪುರ

ಬೇಕಂತಲೇ ಅಲ್ಲ. ಹೊರಗೆ ಅದಕ್ಕೆ ಪುರುಸೊತ್ತೇ ಸಿಗುತ್ತಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಕಾಗೆ ಹಾರಿದರೂ, ದೂರದಲ್ಲಿ ಆಡು ಕದಲಿದರೂ, ಗಾಳಿಗೆ ಪ್ಲಾಸ್ಟಿಕ್ ಚೀಲ ಉರುಳಿದರೂ ಅದರ ಜೀವವೆಲ್ಲ ಅತ್ತ. ಅರ್ಧ ತಾಸು ಅಡ್ಡಾಡಿಸುವುದೆಂದರೆ ಅರ್ಧ ತಾಸು ಹೊಸ ಹೊಸ ನೋಟ ತೋರಿಸಿದಂತೆ. ಒಳಗೆ ಬಂದಾಗ ನೋಡಲು ಏನೂ ಇಲ್ಲ, ಮೈ ಸಡಿಲಾಗುತ್ತದೆ, ತಡೆದದ್ದು ಹೊರಬರುತ್ತದೆ.

ಆದ್ದರಿಂದ ಅಡ್ಡಾಡಿಸಬೇಡಿ, ನಿಲ್ಲಿ. ಹಿತ್ತಲಿನಲ್ಲಿ ಎರಡು ಬದಿ ಗೋಡೆ ಇರುವ ಒಂದು ಮೂಲೆ ಆರಿಸಿ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಐದು ಅಡಿ ಹಗ್ಗ ಕಟ್ಟಿ, ಮರಿಯನ್ನು ಅಲ್ಲಿಗೆ ಒಯ್ದು, ಮಾತಾಡದೆ ಗೂಟದಂತೆ ನಿಲ್ಲಿ. ಐದರಿಂದ ಏಳು ನಿಮಿಷ. ಮೊದಲು ನೋಡುತ್ತದೆ, ಆಮೇಲೆ ಬೇಜಾರಾಗಿ ನೆಲ ಮೂಸುತ್ತದೆ, ಮೂಸಿದ ಮೇಲೆ ಕೂರುತ್ತದೆ. ಪಡಸಾಲೆಯಲ್ಲಿ ಹೊಯ್ದದ್ದನ್ನು ಒರೆಸಿದ ಬಟ್ಟೆಯ ಚೂರನ್ನು ಆ ಮೂಲೆಯಲ್ಲಿ ಹಾಕಿಡಿ. ತನ್ನದೇ ವಾಸನೆ ಅದಕ್ಕೆ ಜಾಗದ ಗುರುತು ಹೇಳುತ್ತದೆ.

ಕೂತಿತೋ, ಮುಗಿಸುವವರೆಗೆ ಸುಮ್ಮನಿರಿ. ನಡುವೆ ಹೊಗಳಿದರೆ ಅರ್ಧಕ್ಕೆ ಬಿಟ್ಟು ನಿಮ್ಮ ಬಳಿ ಓಡಿಬರುತ್ತದೆ, ಉಳಿದರ್ಧ ಒಳಗೆ ಬಂದು ಮುಗಿಸುತ್ತದೆ. ಮುಗಿದ ಎರಡು ಸೆಕೆಂಡಿನೊಳಗೆ, ಅಲ್ಲೇ ನಿಂತು, ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆ ಬಾಯಿಗೆ ಕೊಡಿ. ಬಾಗಿಲ ಬಳಿ ಬಂದು ಕೊಟ್ಟರೆ ಬಾಗಿಲಿಗೆ ಬಂದದ್ದಕ್ಕೆ ಸಿಕ್ಕ ಬಹುಮಾನ ಎಂದುಕೊಳ್ಳುತ್ತದೆ.

ಇಲ್ಲೇ ಬಹಳ ಜನ ಎಡವುವುದು: ಕೆಲಸ ಮುಗಿದ ಕೂಡಲೇ ಮರಿಯನ್ನು ಎತ್ತಿಕೊಂಡು ಒಳಗೆ ಬರುತ್ತಾರೆ. ಹೊಯ್ದರೆ ಹೊರಗಿನ ಸುಖ ಮುಗಿಯುತ್ತದೆ ಎಂದು ಮರಿ ನಾಲ್ಕೇ ದಿನದಲ್ಲಿ ಕಲಿತು, ಬಿಗಿಹಿಡಿಯಲು ಶುರುಮಾಡುತ್ತದೆ. ನಿಮ್ಮ ಮರಿ ಈಗಾಗಲೇ ಇದನ್ನು ಕಲಿತಿರುವ ಸಾಧ್ಯತೆ ಇದೆ. ಮೊದಲು ಕೆಲಸ, ಆಮೇಲೆ ಐದು ನಿಮಿಷ ಹಗ್ಗ ಬಿಚ್ಚಿ ಆಟ; ಕ್ರಮ ಹೀಗಿರಲಿ. ಹಿತ್ತಲಿಗೆ ಬೇಲಿ ಗಟ್ಟಿ ಇದ್ದರೆ ಮಾತ್ರ ಹಗ್ಗ ಬಿಚ್ಚಿ. ಈ ತಳಿ ಓಡಿತೆಂದರೆ ಹಿಡಿಯುವುದು ಕಷ್ಟ.

ಏಳು ನಿಮಿಷ ನಿಂತರೂ ಏನೂ ಆಗಲಿಲ್ಲವೆಂದರೆ ಒಳಗೆ ಬನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಅಥವಾ ಅದು ಮಲಗುವ ಪೆಟ್ಟಿಗೆಯಲ್ಲಿ ಹತ್ತು–ಹದಿನೈದು ನಿಮಿಷ ಇರಿಸಿ ಮತ್ತೆ ಅದೇ ಮೂಲೆಗೆ ಒಯ್ಯಿರಿ. ಮೂರನೇ ಸಲಕ್ಕಾದರೂ ಆಗುತ್ತದೆ.

ಇನ್ನೊಂದು ಕಾರಣವನ್ನೂ ಪರೀಕ್ಷಿಸಿ. ಹುಟ್ಟಿದ ಮೊದಲ ಎರಡು–ಮೂರು ವಾರ ತಾಯಿ ನೆಕ್ಕಿದರೆ ಮಾತ್ರ ಮರಿಗೆ ಮಲಮೂತ್ರ ಬರುತ್ತದೆ, ಅದನ್ನು ತಾಯಿಯೇ ಸ್ವಚ್ಛ ಮಾಡುತ್ತದೆ. ಮೂರನೇ ವಾರದಿಂದ ಮರಿ ಮಲಗುವ ಜಾಗ ಬಿಟ್ಟು ತೆವಳಿ ಹೋಗಿ ಮಾಡಲು ಕಲಿಯುತ್ತದೆ. ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ ‘ಕಾಲಡಿ ಇಂಥ ನೆಲ ಇದ್ದರೆ ಇಲ್ಲಿ ಮಾಡಬೇಕು’ ಎಂಬ ರೂಢಿ ಬೇರೂರುತ್ತದೆ. ನಿಮ್ಮ ಮರಿ ಹುಟ್ಟಿ ಬೆಳೆದ ಮನೆಯಲ್ಲಿ ಫರಸಿ ಅಥವಾ ಸಿಮೆಂಟ್ ನೆಲ ಇದ್ದಿದ್ದರೆ ಅದಕ್ಕೆ ಮಣ್ಣೇ ಹೊಸತು. ಹಿತ್ತಲ ಮೂಲೆಯಲ್ಲಿ ಒಂದು ಹಳೆಯ ಫರಸಿ ಕಲ್ಲು ಹಾಸಿ. ಅದರ ಮೇಲೆ ನಾಲ್ಕೈದು ದಿನ ರೂಢಿಯಾದ ಬಳಿಕ ದಿನಕ್ಕೊಂದು ಹಿಡಿ ಮಣ್ಣು ಉದುರಿಸುತ್ತ ಹೋಗಿ, ಹತ್ತು ದಿನದಲ್ಲಿ ಕಲ್ಲು ಮುಚ್ಚಿಬಿಡಿ.

ಹೊತ್ತಿನ ಲೆಕ್ಕ: ತಿಂಗಳ ಸಂಖ್ಯೆಗೆ ಒಂದು ಕೂಡಿಸಿದರೆ ಬರುವಷ್ಟು ತಾಸು ಮರಿ ತಡೆಯಬಲ್ಲದು, ಅದೂ ಹಗಲಿನಲ್ಲಿ ಸುಮ್ಮನೆ ಮಲಗಿದ್ದಾಗ. ಎರಡೂವರೆ ತಿಂಗಳದ್ದು ಹೆಚ್ಚೆಂದರೆ ಮೂರೂವರೆ ತಾಸು. ಎಚ್ಚರವಿದ್ದು ಆಡುತ್ತಿದ್ದರೆ ಮುಕ್ಕಾಲು ತಾಸಿಗೊಮ್ಮೆ ಬೇಕು. ಇದರ ಹೊರತಾಗಿ ನಿದ್ದೆಯಿಂದೆದ್ದ ಕೂಡಲೇ, ನೀರು ಕುಡಿದ ಹತ್ತು–ಹದಿನೈದು ನಿಮಿಷಕ್ಕೆ, ಉಂಡ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ. ಉಂಡ ಮೇಲೆ ಯಾಕೆಂದರೆ ಹೊಟ್ಟೆ ತುಂಬಿದ ಕೂಡಲೇ ದೊಡ್ಡಕರುಳು ತಾನಾಗಿಯೇ ಚಲಿಸತೊಡಗುತ್ತದೆ. ಮರಿಗಳಲ್ಲಿ ಇದು ಬಹಳ ಜೋರು. ಬೆಳಿಗ್ಗೆ ಎದ್ದಾಗ ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡೇ ಹೋಗಿ. ಪಡಸಾಲೆ ದಾಟುವಷ್ಟರಲ್ಲೇ ಅರ್ಧ ಮರಿಗಳು ಹೊಯ್ದುಬಿಡುತ್ತವೆ.

ರಾತ್ರಿಗೆ ಒಂದು ಇಕ್ಕಟ್ಟಾದ ಗೂಡು ಬೇಕು. ಮರಿ ತಾನು ಮಲಗಿದಲ್ಲಿ ಹೊಲಸು ಮಾಡಲು ಹಿಂಜರಿಯುತ್ತದೆ, ಆ ಗುಣವನ್ನೇ ಬಳಸಿಕೊಳ್ಳಬೇಕು. ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ 10 ಸೆಂಟಿಮೀಟರ್ ಸೇರಿಸಿದಷ್ಟು ಉದ್ದ; ನಿಂತು ತಿರುಗುವಷ್ಟು ಅಗಲ. ಬಡಿಗೇರರಿಂದ ಪಟ್ಟಿ ಹೊಡೆಸಿದ ಪೆಟ್ಟಿಗೆ ಆಗಬಹುದು, ಹೊರಸಿನ ಕೆಳಗೆ ಮೂರು ಬದಿ ಹಲಗೆ ಕಟ್ಟಿದರೂ ಆದೀತು. ಮುಂದೆ ಬೆಳೆಯುತ್ತದೆಂದು ದೊಡ್ಡ ಗೂಡು ಮಾಡಿಸಿದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಸಂಡಾಸಕ್ಕೆ ಎಂದು ಹಂಚಿಕೊಳ್ಳುತ್ತದೆ. ದೊಡ್ಡದೇ ಮಾಡಿಸಿದ್ದರೆ ನಡುವೆ ಹಲಗೆ ಇಟ್ಟು ಸಣ್ಣದು ಮಾಡಿ. ಗೂಡು ನಿಮ್ಮ ಹಾಸಿಗೆಯ ಹತ್ತಿರವಿರಲಿ, ಕುಂಯ್‌ಗುಟ್ಟಿದರೆ ಕೇಳಬೇಕು. ಈ ವಯಸ್ಸಿಗೆ ನಡುರಾತ್ರಿ ಒಮ್ಮೆ, ನಸುಕಿನಲ್ಲಿ ಒಮ್ಮೆ ಏಳಲೇಬೇಕು. ದೀಪ ಹಾಕದೆ, ಆಟವಾಡಿಸದೆ ಕೆಲಸ ಮುಗಿಸಿ ಮತ್ತೆ ಮಲಗಿಸಿ. ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ರಾತ್ರಿಯಿಡೀ ತಡೆಯುತ್ತದೆ. ಮುಧೋಳದ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ. ಚಳಿಗಾಲದ ನಸುಕಿನಲ್ಲಿ ಹೊರಗೆ ನಡುಗುತ್ತ ನಿಂತು ಏನೂ ಮಾಡದೆ ಒಳಗೆ ಓಡಿದರೆ ಅದು ಚಳಿ. ಹಳೆಯ ಸ್ವೆಟರಿನ ತೋಳು ಕತ್ತರಿಸಿ ತೊಡಿಸಿ.

ಈ ತಳಿಯ ಆರೈಕೆಯ ಬಗ್ಗೆ ಬೇರೆ ಸಂದೇಹಗಳಿದ್ದರೆ ನಿಮಗೆ ಹತ್ತಿರದಲ್ಲೇ, ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ತಿಳಕವಾಡಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಗಂಡ–ಹೆಂಡತಿ ಇಬ್ಬರೂ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಮನೆ. ಮೂರು ತಿಂಗಳ ಪಾಮೇರಿಯನ್ ಮರಿ. ಪೇಪರ್ ಹಾಸಿದರೆ ಪೇಪರನ್ನೇ ಹರಿದು, ಪಕ್ಕದಲ್ಲಿ ಮಾಡುತ್ತದೆ. ಮಳೆಗಾಲದಲ್ಲಿ ಕೆಳಗೆ ಒಯ್ಯುವುದೂ ಕಷ್ಟ.
— ಓದುಗರು, ಬೆಳಗಾವಿ

ಒಂಬತ್ತು ತಾಸು ಯಾವ ಮರಿಯೂ ತಡೆಯಲಾರದು. ಮೂರು ತಿಂಗಳದ್ದಕ್ಕೆ ನಾಲ್ಕು ತಾಸೇ ಗರಿಷ್ಠ. ಮಧ್ಯಾಹ್ನ ಒಂದು ಗಂಟೆಗೆ ಯಾರಾದರೂ ಬಂದು ಹೋಗುವ ವ್ಯವಸ್ಥೆ ಮಾಡಲೇಬೇಕು. ನೆರೆಮನೆಯ ಅಜ್ಜಿಯೋ, ಕಾಲೇಜು ಹುಡುಗನೋ, ಇಪ್ಪತ್ತು ನಿಮಿಷ ಸಾಕು. ಅದಿಲ್ಲದೆ ಮರಿಯನ್ನು ಗೂಡಿನಲ್ಲಿ ಕೂಡಿಹಾಕಿ ಹೋದರೆ ಮಲಗಿದಲ್ಲೇ ಹೊಯ್ದುಕೊಳ್ಳುವುದು ರೂಢಿಯಾಗಿ, ಹುಟ್ಟಿನಿಂದ ಬಂದ ಸ್ವಚ್ಛತೆಯ ಗುಣವೇ ಸತ್ತುಹೋಗುತ್ತದೆ. ಅಂಗಡಿಯ ಪಂಜರದಲ್ಲಿ ಬಹಳ ದಿನ ಇದ್ದು ಬಂದ ಮರಿಗಳಿಗೆ ಕಲಿಸುವುದು ಕಷ್ಟವಾಗುವುದು ಇದೇ ಕಾರಣಕ್ಕೆ.

ನೀವಿಲ್ಲದ ಹೊತ್ತಿಗೆ ನಾಲ್ಕಡಿ–ಆರಡಿಯ ಒಂದು ಅಡ್ಡಕಟ್ಟು ಮಾಡಿ. ಒಂದು ತುದಿಗೆ ಹಾಸಿಗೆ ಮತ್ತು ನೀರು, ಇನ್ನೊಂದು ತುದಿಗೆ ಹೊಯ್ಯುವ ಟ್ರೇ. ಪೇಪರ್ ಬಿಡಿ. ಅದು ಸರಿಯುತ್ತದೆ, ಹರಿಯುತ್ತದೆ, ಒಂದೇ ಸಲಕ್ಕೆ ತೊಯ್ದು ಕಾಲಿಗೆ ಅಂಟುತ್ತದೆ. ಮುಂದೆ ಸೋಫಾ ಮೇಲಿಟ್ಟ ಇಂದಿನ ಪತ್ರಿಕೆಯೂ ಅದಕ್ಕೆ ಸಂಡಾಸವೇ. ಬದಲಿಗೆ 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ, ಏಳೆಂಟು ಸೆಂಟಿಮೀಟರ್ ಆಳದ ಪ್ಲಾಸ್ಟಿಕ್ ಟ್ರೇ ತನ್ನಿ. ತಳಕ್ಕೆ ಹತ್ತು–ಹನ್ನೆರಡು ತೂತು ಕೊರೆದು, ಕೆಳಗೆ ಇನ್ನೊಂದು ತಟ್ಟೆ ಇಡಿ. ಮೊದಲು ಎರಡು ಸೆಂಟಿಮೀಟರ್ ಜಲ್ಲಿ, ಮೇಲೆ ಬೆಳಗಾವಿಯ ಕೆಂಪು ಮಣ್ಣು, ಅದರ ಮೇಲೆ ಬೇರುಸಹಿತ ಕಿತ್ತ ಗರಿಕೆ ಹುಲ್ಲಿನ ಹಾಸು. ಮಲವನ್ನು ಆಗಿಂದಾಗ ತೆಗೆಯಿರಿ, ದಿನಕ್ಕೊಮ್ಮೆ ಒಂದು ಚೊಂಬು ನೀರು ಹಾಯಿಸಿ, ಹುಲ್ಲನ್ನು ಹತ್ತು–ಹದಿನೈದು ದಿನಕ್ಕೊಮ್ಮೆ ಬದಲಿಸಿ. ಬದಲಿಸುವಾಗ ಹಳೆಯದರ ಒಂದು ಹಿಡಿ ಉಳಿಸಿಕೊಳ್ಳಿ. ಪೂರ್ತಿ ಹೊಸದಾದರೆ ಮರಿಗೆ ಗುರುತು ಸಿಗದು. ಹುಲ್ಲಿನ ಮೇಲೆ ಕಲಿತ ಮರಿ ಮುಂದೆ ಅಂಗಳದ ಹುಲ್ಲನ್ನೂ ಸುಲಭವಾಗಿ ಒಪ್ಪುತ್ತದೆ.

ಟ್ರೇಯನ್ನು ಬಾಲ್ಕನಿಗೆ ಸರಿಸಬೇಕೆಂದರೆ ದಿನಕ್ಕೆ ಒಂದಡಿಗಿಂತ ಹೆಚ್ಚು ಸರಿಸಬೇಡಿ. ನಡುವೆ ತಪ್ಪಿತೆಂದರೆ ಎರಡು ದಿನ ಹಿಂದಿನ ಜಾಗಕ್ಕೆ ಮರಳಿ. ಬಚ್ಚಲಿನಲ್ಲೇ ಮಾಡಲು ಕಲಿಸುವವರಿದ್ದಾರೆ. ಪಾಮೇರಿಯನ್‌ನಂಥ ಸಣ್ಣ ನಾಯಿಗೆ ನಡೆಯುತ್ತದೆ, ಲ್ಯಾಬ್ರಡಾರ್‌ಗೆ ನಾವು ಹೇಳುವುದಿಲ್ಲ. ಸಣ್ಣ ತಳಿಗಳ ಮೂತ್ರಕೋಶವೂ ಸಣ್ಣದು, ಕಲಿಯಲು ಒಂದೆರಡು ತಿಂಗಳು ಹೆಚ್ಚೇ ಹಿಡಿಯುತ್ತದೆ, ಗಾಬರಿಯಾಗಬೇಡಿ.

ಮರಿಯನ್ನು ಈಗಲೇ ಬೀದಿಯ ನೆಲಕ್ಕೆ ಬಿಡಬಾರದು, ಮಳೆ ಇರಲಿ ಇಲ್ಲದಿರಲಿ. ಮರಿಗಳಿಗೆ ಮಾರಕವಾದ, ವಾಂತಿಭೇದಿ ತರುವ ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆರು–ಎಂಟನೇ ವಾರಕ್ಕೆ ಶುರುವಾಗುವ ಲಸಿಕೆ ಮೂರು–ನಾಲ್ಕು ವಾರಕ್ಕೊಮ್ಮೆ ಬಿದ್ದು, ಹದಿನಾರನೇ ವಾರದ ಆಸುಪಾಸಿನ ಕೊನೆಯ ಸೂಜಿ ಆಗಿ ಎರಡು ವಾರ ಕಳೆಯುವವರೆಗೆ ಊರ ನಾಯಿಗಳು ಓಡಾಡುವ ಜಾಗ ಬೇಡ. ಹುಲ್ಲನ್ನೂ ಅಂಥ ಜಾಗದಿಂದ ಕೀಳಬೇಡಿ.

ಮಳೆ ಬಗ್ಗೆ ಎಲ್ಲರಿಗೂ ಒಂದು ಮಾತು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ನೆಲ ಸಿಗುವುದೇ ಅಪರೂಪ. ಹಿತ್ತಲಿದ್ದವರು ಒಂದು ತಗಡಿನ ಅಥವಾ ತಾಡಪತ್ರೆಯ ಮಾಡು ಇಳಿಸಿ, ಕೆಳಗೆ ಅರ್ಧ ಅಡಿ ಗರಸು ಅಥವಾ ಉಸುಕು ಹಾಕಿ. ವಿಜಯಪುರ, ಇಂಡಿ ಕಡೆಯ ಎರೆ ಭೂಮಿಯವರಿಗೆ ಇದು ಇನ್ನೂ ಅಗತ್ಯ: ಹಸಿ ಎರೆ ಮಣ್ಣು ಬೆರಳ ಸಂದಿಗೆ ಮೆತ್ತಿ ಗಟ್ಟಿಯಾದರೆ ಮರಿ ನಡೆಯಲೇ ಒಲ್ಲದು, ಜತೆಗೆ ಆ ಮಣ್ಣು ನೀರು ಹಿಡಿದಿಡುವುದರಿಂದ ಉಚ್ಚೆ ಇಂಗದೆ ಮೇಲೇ ನಾರುತ್ತದೆ.

ಮರಿ ಹೊಯ್ದಲ್ಲಿ ದಿನಾ ಫಿನಾಯಿಲ್ ಹಾಕಿ ಒರೆಸುತ್ತೇವೆ. ಆದರೂ ಅದೇ ಜಾಗಕ್ಕೆ ಹೋಗುತ್ತದೆ. ನಮ್ಮದು ಹಳೆಯ ಮನೆ: ಪಡಸಾಲೆಗೆ ಶಹಾಬಾದ್ ಫರಸಿ, ಹಿಂದಿನ ಖೋಲಿಗೆ ಸಗಣಿ ಸಾರಿಸಿದ ನೆಲ. ಅಜ್ಜಿ ಹೊಲಿದ ಕೌದಿಯ ಮೇಲೂ ಎರಡು ಸಲ ಆಗಿದೆ.
— ಓದುಗರು, ಬಸವನಬಾಗೇವಾಡಿ

ಫಿನಾಯಿಲ್ ನಿಮ್ಮ ಮೂಗನ್ನು ಮೋಸಗೊಳಿಸುತ್ತದೆ, ನಾಯಿಯ ಮೂಗನ್ನಲ್ಲ. ಉಚ್ಚೆಯಲ್ಲಿ ಯೂರಿಯಾ ಇದೆ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದರೊಂದಿಗೆ ಕೊಬ್ಬು, ಪ್ರೋಟೀನಿನ ಅಂಶಗಳೂ ನೆಲದ ರಂಧ್ರದಲ್ಲಿ ಕೂತಿರುತ್ತವೆ. ಫಿನಾಯಿಲ್ ಇದಾವುದನ್ನೂ ಒಡೆಯದು, ಮೇಲೊಂದು ಘಾಟು ಹೊದಿಸುತ್ತದೆ ಅಷ್ಟೆ. ಮೇಲಾಗಿ ಮರಿ ಅದರ ಮೇಲೆ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ವಿಷ. ಮೂಲೆಯಲ್ಲಿ ಡಾಂಬರು ಗುಳಿಗೆ ಇಡುವುದು, ಖಾರದ ಪುಡಿ ಉದುರಿಸುವುದನ್ನೂ ನಿಲ್ಲಿಸಿ. ಗುಳಿಗೆ ನುಂಗಿದರೆ ಮರಿಯ ಜೀವಕ್ಕೇ ಅಪಾಯ.

ಉಚ್ಚೆಯನ್ನು ಒಡೆಯುವುದು ಕಿಣ್ವ, ಅಂದರೆ ಎನ್‌ಜೈಮ್. ಸಾಕುಪ್ರಾಣಿ ಅಂಗಡಿಯಲ್ಲಿ ಇದಕ್ಕೆಂದೇ ದ್ರಾವಣ ಸಿಗುತ್ತದೆ. ಸಿಗದಿದ್ದರೆ ಪ್ಯಾಕೆಟ್ಟಿನ ಮೇಲೆ ಎನ್‌ಜೈಮ್ ಇದೆ ಎಂದು ಬರೆದ ಬಟ್ಟೆ ತೊಳೆಯುವ ಪುಡಿ ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ. ಕುದಿವ ನೀರು ಹಾಕಿದರೆ ಕಿಣ್ವ ಕೆಲಸ ಕಳೆದುಕೊಳ್ಳುತ್ತದೆ. ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಿದರೆ ಹರಡುತ್ತದೆ. ಆಮೇಲೆ ಬರೀ ನೀರು ಹಾಕಿ ಹೀರಿಸಿ, ಹಳೆಯ ಫಿನಾಯಿಲ್ ಹೋಗಬೇಕು. ನಂತರ ದ್ರಾವಣವನ್ನು ಉಚ್ಚೆ ಹರಡಿದ್ದಕ್ಕಿಂತ ಒಂದು ಗೇಣು ಆಚೆಯವರೆಗೂ ಸುರಿದು, ಹದಿನೈದು ನಿಮಿಷ ಒದ್ದೆಯಾಗಿಯೇ ಇರಲು ಬಿಡಿ. ಸುರಿದು ತಕ್ಷಣ ಒರೆಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ದ್ರಾವಣವೂ ಅಷ್ಟೇ ಆಳಕ್ಕೆ ಇಳಿಯಬೇಕು. ಕಡೆಗೆ ಎರಡು–ಮೂರು ಸಲ ನೀರಿನಿಂದ ತೊಳೆದು ಒಣಗಿಸಿ, ಅಲ್ಲಿಯವರೆಗೆ ಮರಿ ಆ ಕಡೆ ಬಾರದಿರಲಿ.

ಶಹಾಬಾದ್ ಫರಸಿ ಸುಣ್ಣದ ಕಲ್ಲು. ಅದರ ಮೇಲೆ ವಿನೆಗರ್, ಲಿಂಬೆರಸ, ಸಂಡಾಸ ತೊಳೆಯುವ ಆ್ಯಸಿಡ್ ಹಾಕಲೇಬೇಡಿ. ಹುಳಿ ತಗುಲಿದ ಕೂಡಲೇ ಸುಣ್ಣ ಬುರುಬುರು ಕರಗಿ, ಕಲ್ಲಿನ ಮೈ ಒರಟಾಗುತ್ತದೆ. ಒರಟಾದ ಕಲ್ಲು ಮುಂದಿನ ಸಲ ಇನ್ನಷ್ಟು ಉಚ್ಚೆ ಕುಡಿಯುತ್ತದೆ. ಇಳಕಲ್ಲಿನ ಗ್ರಾನೈಟ್ ಹಾಕಿಸಿದವರಿಗೆ ಈ ಭಯ ಕಡಿಮೆ. ಎರಡರಲ್ಲೂ ನಿಜವಾದ ಕಳ್ಳಜಾಗ ಎಂದರೆ ಕಲ್ಲುಗಳ ಸಂದಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳಿಗೆ ದ್ರಾವಣ ತುಂಬಿಸಿ. ಆದರೂ ವಾಸನೆ ಬಂದರೆ ಸಂದಿಯ ಸಿಮೆಂಟ್ ಕೆರೆದು ಹೊಸದಾಗಿ ತುಂಬಿಸುವುದೇ ದಾರಿ.

ಸಗಣಿ ನೆಲಕ್ಕೆ ದ್ರಾವಣ ಬೇಡ, ನೆಲ ಕಿತ್ತು ಬರುತ್ತದೆ. ತೊಯ್ದ ಜಾಗವನ್ನು ಅಂಗೈ ಅಗಲ ಹೆಚ್ಚಿಗೆ, ಒಂದು ಅಂಗುಲ ಆಳಕ್ಕೆ ಕೆರೆದು ಆ ಮಣ್ಣನ್ನು ಹಿತ್ತಲ ಮೂಲೆಗೆ ಹಾಕಿ. ಅಲ್ಲಿ ಅದು ಉಪಯೋಗಕ್ಕೇ ಬರುತ್ತದೆ. ತಗ್ಗು ಒಂದು ದಿನ ಒಣಗಿದ ಮೇಲೆ ಹೊಸ ಮಣ್ಣು ತುಂಬಿ, ಬಡಿದು, ಸಾರಿಸಿ. ಮೇಲೆ ಮೇಲೆ ಸಾರಿಸುತ್ತ ಹೋದರೆ ವಾಸನೆ ಒಳಗೇ ಉಳಿದು, ಗಾಳಿಯಲ್ಲಿ ತೇವ ಹೆಚ್ಚಿದ ದಿನ ಎದ್ದು ಬರುತ್ತದೆ.

ಕೌದಿಗೆ ಆರೆಂಟು ಪದರ. ತಣ್ಣೀರಲ್ಲಿ ಅರ್ಧ ತಾಸು ನೆನೆಸಿ, ಒತ್ತಿ ಹಿಂಡಿ, ಆಮೇಲೆ ಕಿಣ್ವದ ಪುಡಿಯ ಉಗುರುಬೆಚ್ಚಗಿನ ನೀರಲ್ಲಿ ಎರಡು ತಾಸು. ಅಜ್ಜಿಯ ಕೈಹೊಲಿಗೆ ಎಂದಿದ್ದೀರಿ. ಮೊದಲು ಒಂದು ತುದಿ ತೊಯ್ಸಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ, ಬಡಿಗೆಯಿಂದ ಬಡಿಯಬೇಡಿ. ಹಿಂಡಿ, ಎರಡೂ ಮಗ್ಗುಲು ಬಿಸಿಲಿಗೆ ಹಾಕಿ. ಮರಿ ಪೂರ್ತಿ ಕಲಿಯುವವರೆಗೆ ಕೌದಿ ಮರಿಗೆ ಸಿಗದಂತೆ ಟ್ರಂಕಿನಲ್ಲಿರಲಿ. ಮೆತ್ತಗಿನ, ಹೀರುವ ಬಟ್ಟೆ ಕಂಡರೆ ಮರಿಗೆ ಕೂರುವ ಮನಸ್ಸಾಗುತ್ತದೆ. ಹತ್ತಿ ಗಾದಿ ತೊಯ್ದರೆ ತೊಳೆಯುವ ಮಾತಿಲ್ಲ: ಒತ್ತಿ ಹೀರಿಸಿ, ಮೇಲೆ ಅಡುಗೆ ಸೋಡಾ ದಪ್ಪಗೆ ಹರಡಿ ರಾತ್ರಿಯಿಡೀ ಬಿಟ್ಟು ಜಾಡಿಸಿ. ವಾಸನೆ ಉಳಿದರೆ ಹೊಲಿಗೆ ಬಿಚ್ಚಿ ಆ ಭಾಗದ ಹತ್ತಿ ತೆಗೆದು ಬೇರೆ ತುಂಬಿಸಿ.

ಹಳೆಯ ಕಲೆ ಎಲ್ಲಿದೆಯೆಂದೇ ಗೊತ್ತಾಗದಿದ್ದರೆ, ಖೋಟಾ ನೋಟು ಪರೀಕ್ಷಿಸುವ ನೇರಳೆ ದೀಪ ಅಂಗಡಿಯವರಲ್ಲಿ ಇರುತ್ತದಲ್ಲ, ಅಂಥ ಸಣ್ಣ ಟಾರ್ಚ್ ತಂದು ರಾತ್ರಿ ದೀಪವಾರಿಸಿ ನೆಲದ ಹತ್ತಿರ ಹಿಡಿಯಿರಿ. ಒಣಗಿದ ಉಚ್ಚೆ ಮಸುಕು ಹಳದಿ–ಹಸಿರಾಗಿ ಹೊಳೆಯುತ್ತದೆ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಿಟ್ಟು ಬೆಳಿಗ್ಗೆ ತೊಳೆಯಿರಿ. ಬಟ್ಟೆ ಪುಡಿಯಲ್ಲಿ ಹೊಳಪಿಗೆಂದು ಹಾಕುವ ಅಂಶವೂ ನೀಲಿಯಾಗಿ ಹೊಳೆಯುವುದರಿಂದ, ಈ ಪರೀಕ್ಷೆ ತೊಳೆಯುವ ಮುಂಚೆಯೇ ಮಾಡಬೇಕು.

ಬ್ಲೀಚಿಂಗ್ ಬಗ್ಗೆ ಎಚ್ಚರಿಕೆ. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚ್ ಕೂಡಿದರೆ ವಿಷಾನಿಲ ಹುಟ್ಟುತ್ತದೆ, ಆ್ಯಸಿಡ್‌ಗೆ ಕೂಡಿದರೆ ಕ್ಲೋರಿನ್. ಮುಚ್ಚಿದ ಖೋಲಿಯಲ್ಲಿ ಇದು ಮನುಷ್ಯರಿಗೇ ಅಪಾಯ. ಮನೆಯಲ್ಲಿ ಪಾರ್ವೊ ಬಂದಿದ್ದರೆ ಮಾತ್ರ ಬ್ಲೀಚ್ ಬೇಕು: ಹೊಲಸನ್ನು ಮೊದಲು ಪೂರ್ತಿ ತೊಳೆದು, ಕಿಟಕಿ ತೆರೆದು, ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು, ಹತ್ತು ನಿಮಿಷ.

ನೆಲ ಒಣಗಿದ ಮೇಲೆ ಆ ಜಾಗದಲ್ಲೇ ಒಂದು ವಾರ ಮರಿಯ ಊಟದ ತಟ್ಟೆ ಇಡಿ. ಉಣ್ಣುವಲ್ಲಿ ಹೊಲಸು ಮಾಡಲು ಅದಕ್ಕೆ ಮನಸ್ಸಾಗದು.

ತಪ್ಪು ಮಾಡಿದಾಗ ಮೂತಿಯನ್ನು ಅದಕ್ಕೇ ಒರೆಸಿ ಎರಡು ಏಟು ಹಾಕಿದರೆ ಕಲಿಯುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಸರಿಯೇ? ದೇವರ ಖೋಲಿಗೆ ಮರಿ ನುಗ್ಗದಂತೆ ಮಡಿ ಕಾಯುವುದು ಹೇಗೆ?
— ವಿದ್ಯಾರ್ಥಿನಿ, ಜಮಖಂಡಿ

ತಪ್ಪು. ಹಿರಿಯರಿಗೆ ಗೌರವದಿಂದಲೇ ತಿಳಿಸಿ ಹೇಳಿ. ಐದು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಏಟಿಗೂ ಮರಿ ಸಂಬಂಧ ಕಲ್ಪಿಸಲಾರದು. ಅದು ಕಲಿಯುವುದು ಒಂದೇ: ಮನುಷ್ಯರ ಎದುರು ಹೊಯ್ದರೆ ಪೆಟ್ಟು. ಆಮೇಲೆ ಹಿತ್ತಲಲ್ಲಿ ನೀವು ಪಕ್ಕದಲ್ಲಿ ನಿಂತರೆ ಮಾಡುವುದಿಲ್ಲ, ಹೊರಸಿನ ಕೆಳಗೆ, ಕಪಾಟಿನ ಹಿಂದೆ ಕದ್ದು ಮಾಡುತ್ತದೆ. ‘ತಪ್ಪಿತಸ್ಥ ಮುಖ ಮಾಡುತ್ತದೆ’ ಎನ್ನುತ್ತಾರಲ್ಲ, ಅದು ನಿಮ್ಮ ಸಿಟ್ಟಿನ ಮುಖ ಕಂಡ ಅಂಜಿಕೆ. ಮಾಡುತ್ತಿರುವಾಗಲೇ ಕಂಡರೆ ಒಮ್ಮೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಹೋಗಿ. ಅಲ್ಲಿ ಎರಡು ಹನಿ ಹೊಯ್ದರೂ ಹೊಗಳಿ. ಮುಗಿದ ಮೇಲೆ ಕಂಡರೆ ಸುಮ್ಮನೆ ಒರೆಸಿ.

ದೇವರ ಖೋಲಿಯ ಮಡಿಯ ಬಗ್ಗೆಯೂ ಕೇಳಿದ್ದೀರಿ. ಹೊಸ್ತಿಲಿಗೆ ಎರಡಡಿ ಎತ್ತರದ ಹಲಗೆ ಅಡ್ಡ ಇಡಿ. ಹಾಗೆಯೇ ಇಡೀ ಮನೆ ಒಮ್ಮೆಗೇ ಬಿಡಬೇಡಿ. ಒಂದು ಖೋಲಿಯಲ್ಲಿ ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದರೆ ಮಾತ್ರ ಇನ್ನೊಂದು ಖೋಲಿ. ಮರಿಯ ಮೇಲೆ ಕಣ್ಣಿಡಲು ಆಗದಿದ್ದರೆ ಹಗ್ಗದ ತುದಿಯನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡಿ. ಆಟ ಬಿಟ್ಟು ನೆಲ ಮೂಸಿದರೆ, ಸುತ್ತು ತಿರುಗಿದರೆ, ಮೂಲೆಯತ್ತ ನಡೆದರೆ ನಿಮಗಿರುವುದು ಹತ್ತು ಸೆಕೆಂಡು.

ಏಪ್ರಿಲ್ ಬಿಸಿಲಿಗೆ ಮರಿ ನೀರು ಕುಡಿದು ಕುಡಿದು ಹೊಯ್ಯುತ್ತದೆ. ನೀರು ಕಡಿಮೆ ಮಾಡಬಹುದೇ? ಬಹುಮಾನಕ್ಕೆ ತೋಟದ ಒಣದ್ರಾಕ್ಷಿ ಕೊಡುತ್ತಿದ್ದೇವೆ.
— ಓದುಗರು, ತಿಕೋಟಾ

ಒಣದ್ರಾಕ್ಷಿಯನ್ನು ಇಂದೇ ನಿಲ್ಲಿಸಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಕೆಲವು ನಾಯಿಗಳಿಗೆ ಬೆರಳೆಣಿಕೆಯಷ್ಟೇ ಸಾಕು. ತಿಂದ ಮೇಲೆ ವಾಂತಿ, ಮಂಕು, ಉಚ್ಚೆ ನಿಂತುಹೋಗುವುದು ಕಂಡರೆ ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಿರಿ. ದ್ರಾಕ್ಷಿ ಒಣಗಿಸುವ ಶೆಡ್ಡಿನತ್ತ ಮರಿ ಸುಳಿಯದಂತೆ ನೋಡಿಕೊಳ್ಳಿ.

ನೀರು ಕಡಿಮೆ ಮಾಡಬೇಡಿ. ಪಾರಾ 40 ಡಿಗ್ರಿ ದಾಟುವ ನಿಮ್ಮ ಕಡೆಯ ಬೇಸಿಗೆಯಲ್ಲಿ ಅದು ಜೀವಕ್ಕೇ ಎರವು. ಮಲಗುವ ಎರಡು ತಾಸು ಮೊದಲು ನೀರೆತ್ತಿಡುವ ಪದ್ಧತಿ ಚಳಿಗಾಲಕ್ಕೆ ಸರಿ, ಏಪ್ರಿಲ್–ಮೇ ತಿಂಗಳಿಗೆ ಅಲ್ಲ. ಹೊಯ್ಯಿಸಲು ಒಯ್ಯುವ ಸರದಿಯನ್ನೇ ಹೆಚ್ಚಿಸಿ. ನೆಲಕ್ಕೆ ಅಂಗೈ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ಮರಿಯ ಪಾದವೂ ಸುಡುತ್ತದೆ, ನೆರಳಿನ ಮೂಲೆ ಮಾಡಿಕೊಡಿ.

ಐದು ತಿಂಗಳ ಹೆಣ್ಣು ಲ್ಯಾಬ್ರಡಾರ್. ಎಲ್ಲ ಕಲಿತಿತ್ತು. ಆದರೆ ಬೀಗರು ಬಂದರೆ, ನಮ್ಮ ಯಜಮಾನರು ಸಂಜೆ ಬಂದರೆ ಕೂತಲ್ಲೇ ಬಿಡುತ್ತದೆ.
— ಗೃಹಿಣಿ, ನವನಗರ, ಬಾಗಲಕೋಟೆ

ಇದು ಕಲಿಕೆಯ ಕೊರತೆಯಲ್ಲ. ಕಿವಿ ಹಿಂದಕ್ಕೆ, ಮೈ ತಗ್ಗಿಸಿ ಬಿಟ್ಟರೆ ಅದು ಶರಣಾಗತಿ. ಬಾಲ ಬಡಿಯುತ್ತ ಕುಣಿಯುತ್ತ ಬಿಟ್ಟರೆ ಸಂಭ್ರಮ. ಎರಡರಲ್ಲೂ ಅದಕ್ಕೆ ಹಿಡಿತವಿಲ್ಲ. ಗದರಿದರೆ ಹೆಚ್ಚಾಗುತ್ತದೆ. ಬಂದವರು ಮೊದಲ ಐದು ನಿಮಿಷ ಅದನ್ನು ನೋಡದೆ, ಮಾತಾಡಿಸದೆ ಇರಲಿ. ಆಮೇಲೆ ಪಕ್ಕಕ್ಕೆ ತಿರುಗಿ ಕೂತು, ತಲೆಯ ಮೇಲೆ ಕೈ ಚಾಚದೆ ಎದೆಯ ಕೆಳಗೆ ಸವರಲಿ. ಯಜಮಾನರು ಬರುವ ಐದು ನಿಮಿಷ ಮೊದಲು ಹೊರಗೆ ಒಯ್ದು ಬನ್ನಿ. ಒಂದು ವರ್ಷದ ಹೊತ್ತಿಗೆ ಬಹುತೇಕ ತಾನಾಗಿ ನಿಲ್ಲುತ್ತದೆ.

ಆದರೆ ಯಾರೂ ಬರದಿದ್ದಾಗಲೂ ಹತ್ತು ನಿಮಿಷಕ್ಕೊಮ್ಮೆ ಕೂತು ಎರಡೆರಡು ಹನಿ ಹೊಯ್ಯುತ್ತಿದ್ದರೆ, ತಿಣುಕಿದರೆ, ಕೆಂಪು ಕಂಡರೆ, ಮಲಗಿದಲ್ಲಿ ತೊಯ್ದಿದ್ದರೆ ಅದು ಮೂತ್ರದ ಸೋಂಕು ಇರಬಹುದು. ಹೆಣ್ಣುಮರಿಗಳಲ್ಲಿ ಇದು ಸಾಮಾನ್ಯ. ಬೆಳಗಿನ ಉಚ್ಚೆಯನ್ನು ಸ್ವಚ್ಛ ಡಬ್ಬಿಯಲ್ಲಿ ಹಿಡಿದು, ಆದಷ್ಟು ಬೇಗ ಪಶು ಆಸ್ಪತ್ರೆಗೆ ಒಯ್ಯಿರಿ.

ಎರಡು ತಿಂಗಳ ಮರಿಗೆ ಹಾಲು–ರೊಟ್ಟಿ ಹಾಕುತ್ತೇವೆ. ದಿನಕ್ಕೆ ಏಳೆಂಟು ಸಲ ತೆಳ್ಳಗೆ, ಮನೆ ತುಂಬ.
— ಓದುಗರು, ಗೋಕಾಕ

ಹಾಲು ನಿಲ್ಲಿಸಿ. ಹಾಲಿನ ಸಕ್ಕರೆ ಅನೇಕ ಮರಿಗಳಿಗೆ ಅರಗದು. ತೆಳ್ಳಗಾದರೆ ತಡೆಯಲು ಯಾವ ಮರಿಗೂ ಆಗದು, ಕಲಿಕೆಯ ಮಾತೇ ಬರುವುದಿಲ್ಲ. ರೊಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ, ಉಪ್ಪು–ಖಾರ ಇಲ್ಲದ ಬೇಯಿಸಿದ ಮೊಟ್ಟೆ ಅಥವಾ ಕೋಳಿಯೊಂದಿಗೆ, ದಿನಕ್ಕೆ ನಾಲ್ಕು ಸಲ ನಿಗದಿತ ಹೊತ್ತಿಗೆ ಕೊಡಿ. ಜತೆಗೆ ಮರಿಗಳ ತಯಾರಿ ಆಹಾರವೂ ಇದ್ದರೆ ಒಳ್ಳೆಯದು. ಹದಿನೈದು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ. ಊಟಕ್ಕೆ ಹೊತ್ತು ಗೊತ್ತಾದರೆ ಮಲಕ್ಕೂ ಹೊತ್ತು ಗೊತ್ತಾಗುತ್ತದೆ. ರಕ್ತ, ವಾಂತಿ, ಊಟ ಬಿಡುವುದು ಕಂಡರೆ ಸಂಜೆಯವರೆಗೂ ಕಾಯದೆ ವೈದ್ಯರಲ್ಲಿಗೆ.

ಜಂತುಹುಳದ ಔಷಧ ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಆಗಬೇಕು. ಮಲದಲ್ಲಿ ಬೀಳುವ ದುಂಡುಹುಳದ ಮೊಟ್ಟೆ ಸೋಂಕು ಹರಡುವ ಹಂತಕ್ಕೆ ಬರಲು ಎರಡು ವಾರವಾದರೂ ಬೇಕು, ಹಾಗಾಗಿ ದಿನವೂ ಮಲ ತೆಗೆದರೆ ಅಂಗಳದಲ್ಲಿ ಆಡುವ ಮಕ್ಕಳು ಸುರಕ್ಷಿತ. ಬಾವಿ, ಕಾಯಿಪಲ್ಲೆ ಮಡಿಗಳಿಂದ ದೂರ ಹೂಳಿ, ಕೈ ಸಾಬೂನಿನಿಂದ ತೊಳೆದುಕೊಳ್ಳಿ.

ಒಂಬತ್ತು ತಿಂಗಳ ಗಂಡು ನಾಯಿ ಈಗ ಕಾಲೆತ್ತಿ ಕಂಬಕ್ಕೆ, ಜೋಳದ ಚೀಲಕ್ಕೆ ಹೊಯ್ಯಲು ಶುರು ಮಾಡಿದೆ.
— ಓದುಗರು, ಅಥಣಿ

ಪ್ರಾಯದ ಗುರುತು ಹಾಕುವಿಕೆ ಇದು. ಸ್ವಲ್ಪವೇ, ಎತ್ತರಕ್ಕೆ, ಹೊಸದಾಗಿ ಮನೆಗೆ ಬಂದ ವಸ್ತುವಿಗೇ ಹೊಯ್ಯುತ್ತದೆ. ಚೀಲಗಳನ್ನು ಅಟ್ಟಕ್ಕೇರಿಸಿ, ಹೊಯ್ದ ಕಂಬವನ್ನು ಮೇಲೆ ಹೇಳಿದಂತೆ ಕಿಣ್ವದಿಂದ ತೊಳೆಯಿರಿ, ಕೆಲವು ವಾರ ಮತ್ತೆ ಹಗ್ಗದಲ್ಲಿಡಿ. ತಳಿ ಬೆಳೆಸುವ ಉದ್ದೇಶ ಇಲ್ಲದಿದ್ದರೆ ಬೀಜ ತೆಗೆಸುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಗಂಡು ನಾಯಿಗಳಲ್ಲಿ ಇದು ಗಣನೀಯವಾಗಿ ಇಳಿಯುತ್ತದೆ. ರೂಢಿ ಹಳತಾಗುವ ಮುಂಚೆ ಮಾಡಿಸಿದರೆ ಫಲ ಹೆಚ್ಚು. ಸರಿಯಾದ ವಯಸ್ಸನ್ನು ತಳಿಯ ಗಾತ್ರ ನೋಡಿ ವೈದ್ಯರು ಹೇಳುತ್ತಾರೆ.

ಗೇಟಿನ ಬಳಿ ನೀಲಿ, ಕೆಂಪು ನೀರಿನ ಬಾಟಲಿ ಕಟ್ಟಿದರೆ ನಾಯಿ ಅಲ್ಲಿ ಹೊಯ್ಯುವುದಿಲ್ಲವಂತೆ. ಮನೆಯೊಳಗೂ ಇಡಬಹುದೇ?
— ಓದುಗರು, ಸಿಂದಗಿ

ಪ್ರಯೋಜನವಿಲ್ಲ. ನಾಯಿಗೆ ಕೆಂಪು ಬಣ್ಣ ಮಂಕು ಕಂದಾಗಿ ಕಾಣುತ್ತದೆ, ನೀಲಿ ಕಂಡರೂ ಅದಕ್ಕೆ ಭಯವಿಲ್ಲ. ನಾಯಿ ಜಾಗ ಆರಿಸುವುದು ಮೂಗಿನಿಂದ. ಗೇಟಿನ ಕಂಬದ ಬುಡವನ್ನು ಎರಡು–ಮೂರು ಸಲ ಕಿಣ್ವದ ನೀರಿನಿಂದ ತೊಳೆಯಿರಿ, ಬಾಟಲಿ ತೆಗೆದುಹಾಕಿ.